ಆಧಾರವೋ, ಆಡಂಬರವೋ?

ವಿದ್ವಲ್ಲೇಖನಗಳಲ್ಲಿ ಆಧಾರಗಳನ್ನು ಉಲ್ಲೇಖಿಸುವ ಕ್ರಮವನ್ನು ಕುರಿತು ವಾಚಕ ಮಹಾಶಯರಲ್ಲಿ ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳಬೇಕೆಂದಿದ್ದೇನೆ. ಮೊದಲ ನೋಟಕ್ಕೆ ಇದು ಶುಷ್ಕವಾದ ವಿಷಯವೆಂದು ತೋರುವುದು ಸಹಜ. ಗ್ರಂಥಕರ್ತನ ಹೆಸರು ಮೊದಲೋ ಗ್ರಂಥದ ಹೆಸರು ಮೊದಲೋ, ಇಸವಿಯು ಕಂಸದ ಒಳಗೋ ಹೊರಗೋ ಎಂಬಿವೇ ಮೊದಲಾದ ಪ್ರಶ್ನೆಗಳು ಅಚ್ಚುಕೂಟದವರಿಗೆ ಸೇರಿದುವೇ ಹೊರತು ಗೃಹಸ್ಥರಿಗೆ ಸೇರಿದುವಲ್ಲವೆಂದು ಕೆಲವರು ಹೇಳಿಯಾರು. ಆದರೆ ಈ ಅಲ್ಪವಿಷಯದ ಬೆನ್ನಿಗೆ ಸತ್ಯಾಸತ್ಯಗಳ ಪ್ರಶ್ನೆಯೊಂದು ಅಂಟಿಕೊಂಡಿದೆ. ಅದನ್ನು ನಮ್ಮ ವಿದ್ಯಾವಂತ ಮನೆತನಗಳು ಉಪೇಕ್ಷಿಸಿದರೆ ಮುಂದಿನ ತಲೆಯವರು ನಮ್ಮನ್ನು ಕ್ಷಮಿಸಲಾರರು.

ಕಳೆದ ವರ್ಷ ನನ್ನ ಹಳೆಯ ಶಿಷ್ಯೆಯೊಬ್ಬಳು ನನ್ನ ಮನೆಗೆ ಬಂದಳು. ಈಗ ಅವಳು ಕಾಲೇಜೊಂದರಲ್ಲಿ ಅಧ್ಯಾಪಿಕೆ. ಶ್ರವಣಬೆಳಗೊಳದ ಶಾಸನಗಳನ್ನು ಕುರಿತು ಅವಳು ಬರೆದ ಲೇಖನವನ್ನು ಪತ್ರಿಕೆಯೊಂದರವರು ಮೂರು ಸಲ ಹಿಂದಿರುಗಿಸಿದ್ದರು. ಮೊದಲನೆಯ ಸಲ, ಹೆಸರಿನ ಮುಂದೆ ಅಲ್ಪವಿರಾಮವಿಲ್ಲವೆಂಬುದು ಕಾರಣ. ಎರಡನೆಯ ಸಲ, ಗ್ರಂಥನಾಮಗಳು ಓರೆಯಕ್ಷರದಲ್ಲಿಲ್ಲವೆಂಬುದು ಕಾರಣ. ಮೂರನೆಯ ಸಲ, ಕುಲನಾಮವನ್ನು ಮೊದಲಿಟ್ಟು ಉಳಿದುದನ್ನು ಹಿಂದಕ್ಕೆ ಹಾಕಿಲ್ಲವೆಂಬುದು ಕಾರಣ. ಹುಡುಗಿಯು ಕಣ್ಣೀರಿಡುವುದೊಂದೇ ಬಾಕಿಯಾಗಿತ್ತು. ಲೇಖನವನ್ನು ನಾನು ಇಸಿದುಕೊಂಡು ಓದಿದೆನು. ಚಿಕ್ಕಬೆಟ್ಟದ ಮಲ್ಲಿಷೇಣ ಪ್ರಶಸ್ತಿಯನ್ನು ಅವಳು ಎಪಿಗ್ರಾಫಿಯಾ ಕರ್ನಾಟಿಕದ ಎರಡನೆಯ ಸಂಪುಟ, ೧೯೨೩ನೆಯ ಇಸವಿಯ ಮುದ್ರಣ, ೫೪ನೆಯ ಸಂಖ್ಯೆ ಎಂದು ಉಲ್ಲೇಖಿಸಿದ್ದಳು. ಬಲ್ಲವರಿಗೆ ಇಲ್ಲಿಯ ತಪ್ಪು ಕೂಡಲೇ ತಿಳಿಯುವುದು. ಬಿ. ಎಲ್. ರೈಸ್ ಅವರು ೧೮೮೯ರಲ್ಲಿ ಆ ಕ್ಷೇತ್ರದ ೧೪೪ ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು ೧೯೨೩ರ ಪರಿಷ್ಕರಣದಲ್ಲಿ ಅವನ್ನು ೫೦೦ಕ್ಕೆ ಏರಿಸಿ, ಕ್ರಮಸಂಖ್ಯೆಗಳನ್ನು ಬದಲಾಯಿಸಿದರು. ರೈಸರ ೫೪ನೆಯ ಶಾಸನವು ನರಸಿಂಹಾಚಾರ್ಯರಲ್ಲಿ ೬೭ನೆಯದಾಯಿತು. ಆದಕಾರಣ ಹುಡುಗಿಯ ಮಾತನ್ನು ನಂಬಿ ೧೯೨೩ರ ಸಂಪುಟವನ್ನು ತೆರೆದವನಿಗೆ ಮಲ್ಲಿಷೇಣನು ಸಿಕ್ಕುವುದಿಲ್ಲ; ಬೇರೆ ಯಾವುದೋ ಶಾಸನವು ಎದುರಾಗುವುದು. ವಿಚಾರಿಸಿದಾಗ, ಸಂಖ್ಯೆಯನ್ನು ಬೇರೊಬ್ಬರ ಪುಸ್ತಕದಿಂದ ಎತ್ತಿಕೊಂಡೆನೆಂದೂ ಮೂಲ ಸಂಪುಟವನ್ನು ತೆರೆದು ನೋಡಲಿಲ್ಲವೆಂದೂ ಒಪ್ಪಿಕೊಂಡಳು. ತಪ್ಪು ಅವಳದೇ ಸರಿ. ಆದರೆ ಮೂರು ಸಲ ಆ ಹಾಳೆಗಳನ್ನು ಪರೀಕ್ಷಿಸಿದವರಲ್ಲಿ ಒಬ್ಬರಾದರೂ ಆ ಸಂಪುಟವನ್ನು ತೆರೆಯಲಿಲ್ಲವಲ್ಲ! ಅಲ್ಪವಿರಾಮಕ್ಕೆ ಕಾವಲಿತ್ತು, ಸತ್ಯಕ್ಕೆ ಕಾವಲಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ.

ಆಧಾರವನ್ನು ಉಲ್ಲೇಖಿಸುವುದು ಏತಕ್ಕಾಗಿ? ಎರಡು ಪ್ರಯೋಜನಗಳಿಗಾಗಿ. ಒಂದು, ಋಣವನ್ನು ಒಪ್ಪಿಕೊಳ್ಳುವುದು. ಮತ್ತೊಂದು, ದಾರಿಯನ್ನು ತೋರಿಸುವುದು. ಇನ್ನೊಬ್ಬನ ದುಡಿಮೆಯಿಂದ ತಾನು ಪಡೆದುದನ್ನು ತನ್ನದೆಂದು ಹೇಳದಿರುವುದು ಮೊದಲನೆಯದು. ಓದುಗನು ತನ್ನ ಮಾತನ್ನು ನಂಬದೆ ಹೋದರೆ ತಾನೇ ಹೋಗಿ ನೋಡಿಕೊಳ್ಳುವುದಕ್ಕೆ ಅನುಕೂಲವಾಗುವಂತೆ ಸ್ಥಳನಿರ್ದೇಶ ಮಾಡುವುದು ಎರಡನೆಯದು. ಮಲ್ಲಿನಾಥಸೂರಿಯು ಕಾಳಿದಾಸನಿಗೆ ವ್ಯಾಖ್ಯಾನವನ್ನು ಬರೆಯತೊಡಗಿದಾಗ ಎರಡು ಪ್ರತಿಜ್ಞೆಗಳನ್ನು ಮಾಡಿದನೆಂಬುದು ಸಂಸ್ಕೃತವನ್ನು ಓದಿದವರೆಲ್ಲರಿಗೂ ತಿಳಿದಿದೆ: ಆಧಾರವಿಲ್ಲದುದನ್ನು ಬರೆಯುವುದಿಲ್ಲವೆಂಬುದೊಂದು, ಬೇಡದುದನ್ನು ಹೇಳುವುದಿಲ್ಲವೆಂಬುದೊಂದು. ಉಲ್ಲೇಖಶಾಸ್ತ್ರವೆಲ್ಲವೂ ಈ ಎರಡು ಪ್ರತಿಜ್ಞೆಗಳಲ್ಲಿ ಅಡಗಿದೆಯೆಂದು ನನ್ನ ನಂಬುಗೆ. ನಮ್ಮ ಹಳೆಯ ಪಂಡಿತರು ಮೊದಲನೆಯದನ್ನು ಮುರಿದರು. ಈಗಿನವರು ಎರಡನೆಯದನ್ನು ಮುರಿಯುತ್ತಿದ್ದಾರೆ.

ಆಧಾರವನ್ನು ಹೆಸರಿಸುವುದು ಪಶ್ಚಿಮದವರಿಂದ ನಾವು ಕಲಿತ ವಿದ್ಯೆಯೆಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ಪಾಣಿನಿಯು ತನ್ನ ಸೂತ್ರಗಳಲ್ಲಿ ಶಾಕಟಾಯನ, ಶಾಕಲ್ಯ, ಗಾರ್ಗ್ಯ, ಆಪಿಶಲಿ ಮೊದಲಾದ ಹತ್ತು ಮಂದಿ ಪೂರ್ವಾಚಾರ್ಯರನ್ನು ಹೆಸರಿಸಿದನು. ಒಂದು ಅಕ್ಷರವನ್ನು ಉಳಿಸಿದರೂ ಹಬ್ಬವೆಂದು ಭಾವಿಸುವ ಸೂತ್ರಕಾರನು ಹೆಸರುಗಳಿಗೆ ಮಾತ್ರ ಅಕ್ಷರಗಳನ್ನು ಧಾರಾಳವಾಗಿ ವೆಚ್ಚಮಾಡಿದನು. ಕೌಟಿಲ್ಯನು ಭಾರದ್ವಾಜ, ವಿಶಾಲಾಕ್ಷ, ಪಿಶುನರ ಮತಗಳನ್ನು ಒಂದೊಂದಾಗಿ ಹೇಳಿ, ಅನಂತರವೇ ಹಾಗಲ್ಲವೆಂದು ತನ್ನ ಮತವನ್ನು ಸ್ಥಾಪಿಸುವನು. ಬಾದರಾಯಣರ ಸೂತ್ರಗಳಲ್ಲಿ ಜೈಮಿನಿ, ಬಾದರಿ, ಔಡುಲೋಮಿಗಳ ಹೆಸರುಗಳಿವೆ. ನಮ್ಮ ಕನ್ನಡದಲ್ಲಿಯೇ ನೋಡಬಹುದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಗದ್ಯಕಾರರನ್ನು ಹೆಸರಿಸುವುದು. ಅವರು ಬರೆದ ಒಂದು ಕನ್ನಡ ಕೃತಿಯೂ ನಮ್ಮ ಕೈಗೆ ಬಂದಿಲ್ಲ. ಒಬ್ಬ ಗ್ರಂಥಕಾರನು ಋಣವನ್ನು ಮರೆಯದೆ ಹೆಸರು ಹೇಳಿದನೆಂದು ಅವರು ಇಂದಿಗೂ ಬದುಕಿದ್ದಾರೆ. ಒಂದು ಉಲ್ಲೇಖಕ್ಕೆ ಇರುವ ಶಕ್ತಿಯು ಇಷ್ಟು ದೊಡ್ಡದು.

ಹಾಗೆಂದು ನಮ್ಮವರನ್ನು ಹೊಗಳುತ್ತ ಕುಳಿತುಕೊಳ್ಳುವುದು ನನ್ನ ಉದ್ದೇಶವಲ್ಲ. ನಮ್ಮ ಪಂಡಿತಪರಂಪರೆಯಲ್ಲಿ ಒಂದು ಕೆಟ್ಟ ಅಭ್ಯಾಸವೂ ಬೆಳೆಯಿತು. ಹೀಗೆ ಸ್ಮೃತಿ ಹೇಳುತ್ತದೆ, ಹೀಗೆ ಅಭಿಯುಕ್ತರು ಹೇಳಿದ್ದಾರೆ, ಹೀಗೆ ಪ್ರಾಚೀನರ ಮತ ಎಂದು ಹೇಳಿ ಮುಂದಕ್ಕೆ ಹೋಗುವುದು. ಯಾವ ಸ್ಮೃತಿ? ಯಾವ ಅಭಿಯುಕ್ತರು? ಎಲ್ಲಿ? ಕೇಳಿದವನು ಅವಿನೀತನಾಗುವನು. ಹದಿಮೂರನೆಯ ಶತಮಾನದಲ್ಲಿ ಮಲ್ಲಿಕಾರ್ಜುನನು ಸೂಕ್ತಿಸುಧಾರ್ಣವವೆಂಬ ಉತ್ತಮ ಸಂಕಲನವನ್ನು ಮಾಡಿದನು; ಆದರೆ ಪದ್ಯಗಳನ್ನು ಎಲ್ಲಿಂದ ಎತ್ತಿಕೊಂಡೆನೆಂಬುದನ್ನು ಬಹುಮಟ್ಟಿಗೆ ಹೇಳಲಿಲ್ಲ. ಅವನ ಮಗನಾದ ಕೇಶಿರಾಜನು ಶಬ್ದಮಣಿದರ್ಪಣದ ಆದಿಯಲ್ಲಿ ಗಜಗ, ಗುಣನಂದಿ, ಅಸಗ, ಶ್ರೀವಿಜಯ, ಹೊನ್ನ, ಹಂಪರೇ ಮೊದಲಾದವರ ಮಾರ್ಗವೇ ತನಗೆ ಲಕ್ಷ್ಯವೆಂದು ಹೆಸರು ಹೇಳಿ ಸ್ಮರಿಸಿದನು. ಆದರೆ ಒಳಗಿನ ಪ್ರಯೋಗಗಳಿಗೆ ಒಂದೊಂದಕ್ಕೂ ಇಂಥವನದೆಂದು ಗುರುತು ಹಾಕಲಿಲ್ಲ. ತಂದೆಮಕ್ಕಳಿಬ್ಬರೂ ನಮಗೆ ಮಹೋಪಕಾರಿಗಳು. ಆದರೂ ಅವರು ಒಂದೊಂದು ಹೆಸರನ್ನು ಬರೆಯದೆ ಬಿಟ್ಟುದರಿಂದ ಈಚಿನ ವಿದ್ವಾಂಸರು ಎಷ್ಟು ಕಾಲ ತಡಕಾಡಬೇಕಾಯಿತು! ಅದಕ್ಕೆ ಎದುರಾಗಿ ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟೆಲರ ನಿಘಂಟನ್ನು ತೆರೆದು ನೋಡಿ. ಶಬ್ದದ ಪಕ್ಕದಲ್ಲಿ ಇದು ಶಬ್ದಮಣಿದರ್ಪಣದ್ದು, ಇದು ಗಾದೆಯಿಂದ ಬಂದದ್ದು ಎಂದು ಸಂಕೇತಾಕ್ಷರಗಳಿಂದ ತಿಳಿಸಿ, ಸಂಕೇತಗಳ ವಿವರವನ್ನು ಆದಿಯಲ್ಲಿ ಕೊಟ್ಟಿದ್ದಾರೆ. ಗುಣವು ಯಾರಲ್ಲಿದ್ದರೂ ಗ್ರಾಹ್ಯವೇ.

ಪರರ ದೋಷವನ್ನು ಎತ್ತಿ ಆಡುವವನು ತನ್ನದನ್ನು ಮರೆಮಾಡಬಾರದು. ಸುಮಾರು ಮೂವತ್ತೈದು ವರ್ಷಗಳ ಹಿಂದೆ ಪತ್ರಿಕೆಯೊಂದಕ್ಕೆ ಬರೆದ ಲೇಖನದಲ್ಲಿ ನಾನು ಸಜ್ಜನಮೈತ್ರಿಯನ್ನು ಕುರಿತ ಶ್ಲೋಕವೊಂದನ್ನು ಉದಾಹರಿಸಿ, ಇದು ಭರ್ತೃಹರಿಯ ನೀತಿಶತಕದ್ದೆಂದು ನಿಸ್ಸಂಶಯವಾಗಿ ಬರೆದೆನು. ಪಾಠಶಾಲೆಯಲ್ಲಿ ಗುರುಗಳು ಹಾಗೆ ಹೇಳಿದ್ದರು, ನಾನು ಹಾಗೆ ಕಲಿತಿದ್ದೆನು. ಎರಡು ವಾರಗಳ ಮೇಲೆ ಅಪರಿಚಿತರಾದ ವಾಚಕರೊಬ್ಬರು ಒಂದು ಅಂಚೆಯ ಕಾರ್ಡನ್ನು ಬರೆದರು: ಶ್ಲೋಕದ ಸಂಖ್ಯೆಯನ್ನು ತಿಳಿಸಬೇಕು, ಅಷ್ಟೇ. ಹುಡುಕಿದೆನು. ಮನೆಯಲ್ಲಿದ್ದ ನೀತಿಶತಕದಲ್ಲಿ ಅದು ಇರಲಿಲ್ಲ. ೧೯೪೮ರಲ್ಲಿ ಡಿ. ಡಿ. ಕೋಸಂಬಿಯವರು ನೂರಾರು ಹಸ್ತಪ್ರತಿಗಳನ್ನು ತಾಳೆನೋಡಿ, ಭರ್ತೃಹರಿಯ ಹೆಸರಿನಲ್ಲಿರುವ ಪದ್ಯಗಳಲ್ಲಿ ೨೦೦ನ್ನು ಮಾತ್ರ ಪ್ರತಿಗಳಲ್ಲಿ ಸಾಮಾನ್ಯವಾಗಿ ಕಾಣುವಂಥವೆಂದು ಬೇರ್ಪಡಿಸಿ, ಉಳಿದುವನ್ನು ಸಂದಿಗ್ಧವೆಂದೂ ಬಿಡಿಪದ್ಯಗಳೆಂದೂ ವಿಂಗಡಿಸಿದ ಗ್ರಂಥವನ್ನು ಬಹುಕಾಲದ ಮೇಲೆ ನೋಡಿದೆನು. ಅಲ್ಲಿಯೂ ನನಗೆ ದೊರೆಯಲಿಲ್ಲ. ಆ ಕಾರ್ಡಿಗೆ ನಾನು ಉತ್ತರ ಬರೆಯಲೇ ಇಲ್ಲ. ನಾಚಿಕೆಯಾಯಿತು. ಅದಕ್ಕಿಂತಲೂ ಹೆಚ್ಚಿನ ಪಾಪವೆಂದರೆ, ಅನಂತರವೂ ಕೆಲವು ವರ್ಷ ತರಗತಿಯಲ್ಲಿ ಅದನ್ನು ಭರ್ತೃಹರಿಯದೆಂದೇ ಹೇಳಿಕೊಟ್ಟೆನು. ನನ್ನ ವಿದ್ಯಾರ್ಥಿಗಳು ತಮ್ಮ ವಿದ್ಯಾರ್ಥಿಗಳಿಗೆ ಹಾಗೆಯೇ ಹೇಳುತ್ತಿರಬಹುದು. ಕುರುಡನ ಕೈಯನ್ನು ಕುರುಡನು ಹಿಡಿದು ನಡೆಯುವ ಅಂಧಪರಂಪರಾನ್ಯಾಯವೆಂದರೆ ಇದೇ. ಶಿಷ್ಯೆಯ ೫೪ನೆಯ ಸಂಖ್ಯೆಯನ್ನು ಕಂಡಾಗ ನನಗೆ ಅವಳ ಮೇಲೆ ಕೋಪ ಬಾರದೆ ಆ ಕಾರ್ಡು ನೆನಪಿಗೆ ಬಂದುದಕ್ಕೆ ಇದೇ ಕಾರಣ.

ಇನ್ನು ಎರಡನೆಯ ರೋಗದ ಮಾತು. ಈಗ ನಮ್ಮಲ್ಲಿ ಪ್ರಚಾರದಲ್ಲಿರುವ ಉಲ್ಲೇಖದ ಅಚ್ಚುಗಳು ಅನ್ಯದೇಶಗಳಲ್ಲಿ ಅನ್ಯಪ್ರಯೋಜನಗಳಿಗಾಗಿ ಹುಟ್ಟಿದುವು. ಕರ್ತೃವಿನ ಹೆಸರನ್ನೂ ಇಸವಿಯನ್ನೂ ಕಂಸದಲ್ಲಿಡುವ ಪದ್ಧತಿಯನ್ನು, ಹಾರ್ವರ್ಡಿನ ಪ್ರಾಣಿಶಾಸ್ತ್ರಜ್ಞರಾದ ಎಡ್ವರ್ಡ್ ಲಾರೆನ್ಸ್ ಮಾರ್ಕರು ೧೮೮೧ರಲ್ಲಿ ಚಿಪ್ಪಿಲ್ಲದ ಬಸವನಹುಳುವಿನ ಮೊಟ್ಟೆಗಳನ್ನು ಕುರಿತು ಬರೆದ ಲೇಖನದಿಂದ ಎಣಿಸುತ್ತಾರೆ. ಷಿಕಾಗೋ ವಿಶ್ವವಿದ್ಯಾನಿಲಯದ ಮುದ್ರಣಾಲಯವು ತನ್ನ ಕೈಪಿಡಿಯನ್ನು ೧೯೦೬ರಲ್ಲಿ ಹೊರಡಿಸಿತು. ೨೦೨೪ರಲ್ಲಿ ಅದು ಹದಿನೆಂಟನೆಯ ಆವೃತ್ತಿಯನ್ನು ಕಂಡಿತು. ಅಮೇರಿಕದ ಮನಶ್ಶಾಸ್ತ್ರಸಂಘದ ನಿಯಮಗಳು ೧೯೨೯ರಲ್ಲಿ ಏಳು ಪುಟಗಳಾಗಿದ್ದುವು. ಈಗ ಅವು ನೂರಾರು ಪುಟಗಳ ಗ್ರಂಥವಾಗಿವೆ. ಉಲ್ಲೇಖಗಳನ್ನು ತಾನೇ ಜೋಡಿಸಿಕೊಡುವ ಝೊಟೆರೊ ಎಂಬ ತಂತ್ರಾಂಶದ ಭಂಡಾರದಲ್ಲಿ ೧೦,೦೦೦ಕ್ಕೂ ಮೀರಿದ ಶೈಲಿಗಳಿವೆಯಂತೆ! ಸತ್ಯವು ಒಂದು, ಅದನ್ನು ತೋರಿಸುವ ಬೆರಳುಗಳು ಹತ್ತು ಸಾವಿರ.

ಆ ದೇಶಗಳವರು ತಮ್ಮ ಅಗತ್ಯಕ್ಕೆ ತಕ್ಕಂತೆ ಮಾಡಿಕೊಂಡುದನ್ನು ನಾನು ದೂಷಿಸುವುದಿಲ್ಲ. ಜೀವಶಾಸ್ತ್ರದಲ್ಲಿ ನಿನ್ನೆಯ ಸಂಶೋಧನೆಯನ್ನು ಇಂದಿನದು ತಳ್ಳಿಹಾಕುವುದರಿಂದ ಅಲ್ಲಿ ಇಸವಿಯು ಮುಖ್ಯ. ಆದರೆ ಕ್ರಿ. ಶ. ೯೪೧ರ ಸುಮಾರಿನಲ್ಲಿ ವಿಕ್ರಮಾರ್ಜುನ ವಿಜಯವನ್ನು ರಚಿಸಿದ ಮಹಾಕವಿಯನ್ನು, ಮುದ್ರಣದ ಇಸವಿಯನ್ನು ಹಿಡಿದು, ನಿನ್ನೆ ಮೊನ್ನೆಯ ಲೇಖಕನೋ ಎಂಬಂತೆ ಪಂಪ ೧೯೭೭ ಎಂದು ಬರೆಯುವುದು ನಗೆಗೀಡಲ್ಲವೆ?

ಹೆಸರುಗಳ ವಿಷಯವು ಇನ್ನೂ ಶೋಚನೀಯವಾಗಿದೆ. ನಮ್ಮಲ್ಲಿ ಬೇಂದ್ರೆ, ಕಾರಂತ, ಪೈ ಎಂಬ ಕುಲನಾಮಗಳುಳ್ಳವರು ಇದ್ದಾರೆ, ಇಲ್ಲವೆನ್ನಲಾರೆ. ಆದರೆ ಹಳೆಯ ಮೈಸೂರಿನ ಬಹುಮಂದಿಗೆ ಕುಲನಾಮವೆಂಬುದೇ ಇಲ್ಲ. ಮೊದಲಕ್ಷರವು ಊರಿನದು, ಮುಂದಿನದು ತಂದೆಯದು, ಕೊನೆಯದು ತನ್ನದು. ಆ ಮೊದಲಕ್ಷರಗಳನ್ನು ಕಿತ್ತು ಹಿಂದಕ್ಕೆ ಎಸೆದರೆ ಉಳಿಯುವುದೇನು? ಆರ್. ನರಸಿಂಹಾಚಾರ್, ಎಸ್. ಜಿ. ನರಸಿಂಹಾಚಾರ್, ಡಿ. ಎಲ್. ನರಸಿಂಹಾಚಾರ್, ಪು. ತಿ. ನರಸಿಂಹಾಚಾರ್ ಎಂಬ ನಾಲ್ವರು ಕನ್ನಡಕ್ಕೆ ಬೇರೆಬೇರೆಯಾಗಿ ಸೇವೆಸಲ್ಲಿಸಿದವರು. ಕಂಸದೊಳಗೆ ನಾಲ್ವರೂ ಒಬ್ಬರೇ ಆಗುವರು. ೧೯೦೭ರಲ್ಲಿ ಹೊರಬಂದ ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟಕ್ಕೆ ಇವರಲ್ಲಿ ಮೊದಲಿಬ್ಬರೂ ಕೂಡಿ ಕರ್ತೃಗಳು. ಅಚ್ಚನ್ನು ಅನುಸರಿಸಿದರೆ ಅದನ್ನು ನರಸಿಂಹಾಚಾರ್ ಮತ್ತು ನರಸಿಂಹಾಚಾರ್ ಎಂದು ಬರೆಯಬೇಕಾಗುವುದು. ಇದು ವಿದ್ವತ್ತೋ ವಿನೋದವೋ? ಒಂದೇ ಕುಲನಾಮದವರು ಬಂದಾಗ ಮೊದಲಕ್ಷರಗಳನ್ನು ಸೇರಿಸಬಹುದೆಂದು ಆ ನಿಯಮಗ್ರಂಥದಲ್ಲಿಯೇ ಅಪವಾದವಿದೆ. ಇರಲಿ. ಅಲ್ಲಿಯ ಅಪವಾದವು ನಮ್ಮಲ್ಲಿ ಉತ್ಸರ್ಗವಾಗಬೇಕು. ಇಷ್ಟನ್ನು ತಿಳಿಯುವುದಕ್ಕೆ ವ್ಯಾಕರಣವನ್ನು ಓದಿದ್ದರೆ ಸಾಕು.

ಪುಟಸಂಖ್ಯೆಯ ವ್ಯಾಮೋಹವೂ ಇಂಥದೇ. ಪ್ರಾಚೀನ ಗ್ರಂಥಕ್ಕೆ ಪುಟವೆಂಬುದು ಸ್ವಭಾವವಲ್ಲ, ಉಪಾಧಿ. ಅಧಿಕರಣ, ಅಧ್ಯಾಯ, ಸೂತ್ರವೆಂಬುದು ಸ್ವಭಾವ. ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ೧೯೦೯ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದ ಪುಟಸಂಖ್ಯೆಯನ್ನು ಕೊಟ್ಟರೆ, ೧೯೬೦ರ ಕಂಗ್ಲೆಯವರ ಮುದ್ರಣವನ್ನು ಇಟ್ಟುಕೊಂಡವನಿಗೆ ಏನು ಪ್ರಯೋಜನ? ಅಧಿಕರಣವನ್ನೂ ಅಧ್ಯಾಯವನ್ನೂ ಹೇಳಿದರೆ ಇಬ್ಬರಿಗೂ ಸ್ಥಳವು ಸಿಕ್ಕುವುದು. ಪಶ್ಚಿಮದವರು ತಮ್ಮ ಪ್ರಾಚೀನರ ವಿಷಯದಲ್ಲಿ ಈ ವಿವೇಕವನ್ನು ಬಿಟ್ಟಿಲ್ಲ. ಪ್ಲೇಟೋವನ್ನು ಇಂದಿಗೂ ೧೫೭೮ರ ಸ್ಟೆಫಾನಸ್ಸನ ಮುದ್ರಣದ ಅಂಕಗಳಿಂದಲೂ, ಅರಿಸ್ಟಾಟಲನನ್ನು ೧೮೩೧ರ ಬೆಕ್ಕರನ ಅಂಕಗಳಿಂದಲೂ ಗುರುತಿಸುತ್ತಾರೆ. ಯಾವ ಭಾಷಾಂತರವನ್ನು ತೆರೆದರೂ ಅಂಚಿನಲ್ಲಿ ಸಾಮಾನ್ಯವಾಗಿ ಅವೇ ಅಂಕಗಳಿರುತ್ತವೆ. ಅಷ್ಟೇಕೆ, ಮೇಲೆ ಹೇಳಿದ ಅಮೇರಿಕದ ನಿಯಮಗ್ರಂಥವೇ ಧರ್ಮಗ್ರಂಥಗಳಿಗೂ ಪ್ರಾಚೀನ ಕೃತಿಗಳಿಗೂ ಪುಟವನ್ನು ಬಿಟ್ಟು ಅಧ್ಯಾಯಶ್ಲೋಕಗಳನ್ನು ಕೊಡಬೇಕೆಂದು ವಿಧಿಸಿದೆ. ನಮ್ಮ ಅನುಕರಣಶೂರರು ಆ ಗ್ರಂಥವನ್ನು ಕೊನೆಯವರೆಗೆ ಓದಿದಂತೆ ಕಾಣುವುದಿಲ್ಲ. ನಿಯಮವನ್ನು ಕೂಡ ಅವರು ಬೇರೊಬ್ಬರ ಬಾಯಿಂದ ಕೇಳಿ ಉಲ್ಲೇಖಿಸುತ್ತಿದ್ದಾರೆ!

ಅಧ್ಯಾಯಸಂಖ್ಯೆಯೊಂದೇ ಸಾಕೆಂದು ನಾನು ಹೇಳುತ್ತಿಲ್ಲ. ಭೀಷ್ಮಪರ್ವದಲ್ಲಿ ಭಗವದ್ಗೀತೆಯು ಪ್ರಚಲಿತ ಪಾಠದಂತೆ ೨೫ನೆಯ ಅಧ್ಯಾಯದಲ್ಲಿಯೂ, ಪುಣೆಯ ಭಾಂಡಾರಕರ ಸಂಸ್ಥೆಯ ಪರಿಷ್ಕೃತ ಮುದ್ರಣದಂತೆ ೨೩ನೆಯ ಅಧ್ಯಾಯದಲ್ಲಿಯೂ ಆರಂಭವಾಗುವುದು. ಆದಕಾರಣ ಸ್ವಭಾವವಿಭಾಗವನ್ನೂ ಹೇಳಬೇಕು, ಯಾವ ಮುದ್ರಣವೆಂಬುದನ್ನೂ ಹೇಳಬೇಕು. ಬೆಳಗೊಳದ ಶಾಸನಗಳ ಪಾಠವೂ ಇದೇ. ೧೯೭೩ರ ಪರಿಷ್ಕರಣದಲ್ಲಿ ಅವುಗಳ ಮೊತ್ತವು ೫೭೩ಕ್ಕೆ ಏರಿದೆ. ಹೊಸ ಸಂಖ್ಯೆಯನ್ನು ಕೊಟ್ಟು ಹಳೆಯದನ್ನು ಪಕ್ಕದಲ್ಲಿ ಬರೆಯುವ ಪದ್ಧತಿಯನ್ನು ಶಾಸನತಜ್ಞರು ಎಂದೋ ರೂಢಿಗೆ ತಂದಿದ್ದಾರೆ. ಇದಕ್ಕೆ ಯಾವ ಓರೆಯಕ್ಷರವೂ ಬೇಕಾಗಲಿಲ್ಲ.

ಇಲ್ಲಿ ಪೂರ್ವಪಕ್ಷವೊಂದು ಏಳುವುದು. ಪತ್ರಿಕೆಯೆಂದ ಮೇಲೆ ಏಕರೂಪತೆ ಬೇಡವೆ? ಒಬ್ಬೊಬ್ಬರು ಒಂದೊಂದು ಬಗೆಯಾಗಿ ಬರೆದರೆ ಸಂಪಾದಕರ ಗತಿಯೇನು? ನಮ್ಮ ತರುಣರ ಲೇಖನಗಳನ್ನು ಹೊರದೇಶದವರು ಓದುವುದು ಬೇಡವೆ? ಸಮಾಧಾನವು ಹೀಗೆ. ಏಕರೂಪತೆ ಬೇಕು, ಅದು ಓದುಗನಿಗೆ ಮಾಡುವ ಮರ್ಯಾದೆ. ಹೊರದೇಶದ ಪತ್ರಿಕೆಗೆ ಬರೆಯುವಾಗ ಅಲ್ಲಿಯ ನಿಯಮವನ್ನು ಪಾಲಿಸತಕ್ಕದ್ದೇ; ಪರರ ಮನೆಗೆ ಹೋದಾಗ ಅವರು ಹಾಕಿದ ಮಣೆಯ ಮೇಲೆ ಕುಳಿತುಕೊಳ್ಳಬೇಕು. ಆದರೆ ನಮ್ಮ ಮನೆಯಲ್ಲಿ ನಮ್ಮ ಕವಿಗಳನ್ನು ಕುರಿತು ನಮ್ಮ ಭಾಷೆಯಲ್ಲಿ ಬರೆಯುವಾಗಲೂ ಅದೇ ಮಣೆಯನ್ನು ಹೊತ್ತುಕೊಂಡು ತಿರುಗಬೇಕೆಂಬ ಶಾಸನವನ್ನು ಯಾರು ಹೊರಡಿಸಿದರು? ಏಕರೂಪತೆಯು ಸತ್ಯಕ್ಕೆ ಸೇವಕನಾಗಿರಬೇಕೇ ಹೊರತು ಒಡೆಯನಾಗಕೂಡದು.

ಒಡೆಯನಾದರೆ ಏನಾಗುವುದೆಂಬುದನ್ನು ಈ ಕಾಲವು ಕಣ್ಣಿಗೆ ಕಟ್ಟುವಂತೆ ತೋರಿಸಿಕೊಟ್ಟಿದೆ. ಕೇಳಿದ ಪ್ರಶ್ನೆಗೆ ತಾನೇ ವಾಕ್ಯಗಳನ್ನು ಹೆಣೆದುಕೊಡುವ ಗಣಕಯಂತ್ರಗಳು ಬಂದಿವೆಯಷ್ಟೆ. ೨೦೨೩ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವೊಂದರಲ್ಲಿ ಇಬ್ಬರು ವಕೀಲರು ತಮ್ಮ ಅರ್ಜಿಯಲ್ಲಿ ಹಿಂದಿನ ತೀರ್ಪುಗಳನ್ನು ಉಲ್ಲೇಖಿಸಿದರು. ಪಕ್ಷಕಾರರ ಹೆಸರು, ಸಂಪುಟ, ಇಸವಿ ಎಲ್ಲವೂ ಶಾಸ್ತ್ರೋಕ್ತವಾಗಿದ್ದುವು. ತೀರ್ಪುಗಳು ಮಾತ್ರ ಲೋಕದಲ್ಲಿ ಎಲ್ಲಿಯೂ ಇರಲಿಲ್ಲ, ಯಂತ್ರವು ಕಲ್ಪಿಸಿದ್ದಿತು. ನ್ಯಾಯಾಧೀಶರು ೫,೦೦೦ ಡಾಲರುಗಳ ದಂಡವನ್ನು ವಿಧಿಸಿದರು. ಆನೆಯು ನುಂಗಿದ ಬೇಲದ ಹಣ್ಣಿನ ನ್ಯಾಯವನ್ನು ನಾವು ಪಾಠಶಾಲೆಯಲ್ಲಿ ಓದಿದ್ದೆವು: ಮೇಲೆ ಚಿಪ್ಪು ಅಖಂಡ, ಒಳಗೆ ತಿರುಳಿಲ್ಲ. ಚಿಪ್ಪನ್ನು ಮಾತ್ರ ಪರೀಕ್ಷಿಸುವ ಸಂಪಾದಕನು ಈ ಹಣ್ಣನ್ನು ಸಂತೋಷದಿಂದ ಸ್ವೀಕರಿಸುವನು; ಅಲ್ಪವಿರಾಮವನ್ನು ಮರೆತ ನನ್ನ ಶಿಷ್ಯೆಯನ್ನು ಹಿಂದಕ್ಕೆ ಕಳುಹಿಸುವನು. ರೂಪವನ್ನು ಯಂತ್ರವು ನಮಗಿಂತ ಚೆನ್ನಾಗಿ ಮಾಡಬಲ್ಲುದು. ಇನ್ನು ಮನುಷ್ಯನಿಗೆ ಉಳಿದಿರುವ ಕೆಲಸವೆಂದರೆ ಹೋಗಿ ನೋಡುವುದು ಒಂದೇ.

ಬರಿಯ ಖಂಡನದಿಂದ ಫಲವಿಲ್ಲ. ನಮ್ಮ ಸಂಘದ ಈ ಪತ್ರಿಕೆಗೆ ಯೋಗ್ಯವೆಂದು ತೋರಿದ ಕೆಲವು ಸೂಚನೆಗಳನ್ನು ಸಂಪಾದಕ ಮಂಡಲಿಯ ಮುಂದೆ ಇಡುತ್ತೇನೆ. ಮೊದಲನೆಯದಾಗಿ, ಲೇಖಕನು ತಾನು ಕಣ್ಣಾರೆ ನೋಡಿದ ಗ್ರಂಥವನ್ನು ಮಾತ್ರ ಆಧಾರವೆಂದು ಹೇಳತಕ್ಕದ್ದು. ಬೇರೊಬ್ಬರ ಗ್ರಂಥದಲ್ಲಿ ಕಂಡುದಾದರೆ ಇಂಥವರಲ್ಲಿ ಉದ್ಧೃತವಾಗಿರುವಂತೆ ಎಂದು ನಾಚದೆ ಬರೆಯತಕ್ಕದ್ದು. ಎರಡನೆಯದಾಗಿ, ಗ್ರಂಥಕರ್ತರು ಯಾವ ಹೆಸರಿನಿಂದ ಲೋಕದಲ್ಲಿ ಪ್ರಸಿದ್ಧರೋ ಅದೇ ಹೆಸರನ್ನು ಮೊದಲಕ್ಷರಗಳೊಡನೆ ಕೊಡತಕ್ಕದ್ದು. ಮೂರನೆಯದಾಗಿ, ಕಾವ್ಯಕ್ಕೆ ಆಶ್ವಾಸಪದ್ಯಗಳನ್ನೂ, ಗದುಗಿನ ಭಾರತಕ್ಕೆ ಪರ್ವಸಂಧಿಪದ್ಯಗಳನ್ನೂ, ವಚನಕ್ಕೆ ವಚನಕಾರನ ಹೆಸರು, ಮೊದಲ ಮಾತು, ಸಂಪುಟ, ಸಂಖ್ಯೆಗಳನ್ನೂ, ಶಾಸನಕ್ಕೆ ಸಂಪುಟ, ತಾಲ್ಲೂಕು, ಸಂಖ್ಯೆಗಳನ್ನೂ ಹೇಳಿ, ಎಲ್ಲಕ್ಕೂ ಮುದ್ರಣದ ವರ್ಷವನ್ನೂ ಸಂಪಾದಕರನ್ನೂ ತಿಳಿಸತಕ್ಕದ್ದು. ನಾಲ್ಕನೆಯದಾಗಿ, ಓದದ ಗ್ರಂಥಗಳ ಪಟ್ಟಿಯನ್ನು ಹನುಮಂತನ ಬಾಲದಂತೆ ಲೇಖನದ ಕೊನೆಗೆ ಕಟ್ಟಕೂಡದು. ಐದನೆಯದಾಗಿ, ವಿರಾಮಚಿಹ್ನೆಗಳನ್ನು ಸರಿಪಡಿಸುವುದು ಸಂಪಾದಕರ ಕೆಲಸ. ಆ ಕಾರಣಕ್ಕಾಗಿ ಯಾವ ಲೇಖನವನ್ನೂ ಹಿಂದಿರುಗಿಸಕೂಡದು. ಆರನೆಯದೇ ಮುಖ್ಯವಾದುದು: ಪ್ರತಿಯೊಂದು ಲೇಖನದಿಂದಲೂ ಮನಬಂದ ಮೂರು ಉಲ್ಲೇಖಗಳನ್ನು ಆರಿಸಿಕೊಂಡು, ಮೂಲಗ್ರಂಥವನ್ನು ತೆರೆದು, ಮಂಡಲಿಯ ಒಬ್ಬರು ತಾಳೆನೋಡತಕ್ಕದ್ದು. ಇದಕ್ಕೆ ಒಂದು ಮಧ್ಯಾಹ್ನವೂ ಒಂದು ಪುಸ್ತಕಭಂಡಾರವೂ ಸಾಕು. ಆ ಮಧ್ಯಾಹ್ನವನ್ನು ಕೊಡಲು ಒಬ್ಬರಾದರೂ ಮುಂದೆ ಬಾರದಿದ್ದರೆ ನಾನೇ ಬರಲು ಸಿದ್ಧನಾಗಿದ್ದೇನೆ.

ಶಿಷ್ಯೆಯು ಸಂಪುಟವನ್ನು ತೆರೆದು ನೋಡಿ, ೬೭ ಎಂದು ತಿದ್ದಿ, ಪಕ್ಕದಲ್ಲಿ ಹಳೆಯ ೫೪ನ್ನು ಬರೆದು, ಲೇಖನವನ್ನು ಮತ್ತೆ ಕಳುಹಿಸಿದ್ದಾಳೆ. ಅಲ್ಪವಿರಾಮಗಳನ್ನೂ ಹಾಕಿದ್ದಾಳೆ. ಉತ್ತರವು ಇನ್ನೂ ಬಂದಿಲ್ಲ.

ನನ್ನ ಋಣವೊಂದು ಮಾತ್ರ ಉಳಿದಿದೆ. ಮೂವತ್ತೈದು ವರ್ಷಗಳ ಹಿಂದೆ ಆ ಕಾರ್ಡನ್ನು ಬರೆದ ಮಹನೀಯರು ಇಂದಿಗೂ ಇದ್ದು, ಈ ಪುಟಗಳು ಅವರ ಕೈಸೇರಿದರೆ, ತಡವಾಗಿ ಬಂದ ಈ ಉತ್ತರವನ್ನು ಅವರು ಅಂಗೀಕರಿಸಬೇಕೆಂದು ಬೇಡುತ್ತೇನೆ: ಸ್ವಾಮೀ, ಆ ಶ್ಲೋಕದ ಸಂಖ್ಯೆ ನನಗೆ ತಿಳಿಯದು, ಅದು ಯಾರದೆಂಬುದೂ ತಿಳಿಯದು, ಭರ್ತೃಹರಿಯದೆಂದು ನಾನು ನೋಡದೆ ಬರೆದೆನು.